ಬಿಸಿ ಮೊದಲೋ ಹುಳಿ ಮೊದಲೋ

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನಲ್ಲಿ ಬಸ್ಸಿಳಿದು ಒಳಬೀದಿಗಳಿಗೆ ತಿರುಗಿದರೆ, ಭಾನುವಾರ ಮಧ್ಯಾಹ್ನ ಯಾವ ಮನೆಯಲ್ಲಿ ಯಾವ ಸೀಮೆಯವರಿದ್ದಾರೆ ಅನ್ನುವುದನ್ನು ಮೂಗೇ ಹೇಳಿಬಿಡುತ್ತದೆ. ಹಳೇ ಊರಿನ ಮನೆಗಳಲ್ಲಿ ರಾಗಿ. ಹಾಸನ, ಚಿಕ್ಕಮಗಳೂರಿನ ಕಡೆಯಿಂದ ಬಂದು ಲೇಔಟುಗಳಲ್ಲಿ ನೆಲೆಸಿದವರಲ್ಲಿ ಅಕ್ಕಿ ರೊಟ್ಟಿ. ವಿಜಯಪುರ, ಕಲಬುರಗಿಯ ಹುಡುಗರು ಬಾಡಿಗೆಗಿರುವ ಮಹಡಿಯಲ್ಲಿ ಜೋಳದ ರೊಟ್ಟಿ, ಅದೂ ಬಹಳ ಸಲ ಹತ್ತಿರದ ಯಾರೋ ಅಕ್ಕ ತಟ್ಟಿ ಕೊಟ್ಟದ್ದು. ಮಂಗಳೂರಿನವರ ಡಬ್ಬಿಯಲ್ಲಿ ಊರಿಂದ ತಂದ ಕೋರಿ ರೊಟ್ಟಿ. ಉಳಿದ ಕಡೆಯೆಲ್ಲ ಚಪಾತಿ. ಪಕ್ಕದ ಒಲೆಯ ಮೇಲೆ ಮಾತ್ರ ಮುಕ್ಕಾಲು ಪಾಲು ಮನೆಗಳಲ್ಲಿ ಒಂದೇ ಸಂಗತಿ: ಕೋಳಿ. ಅದಕ್ಕೆ ಬೀಳುವ ಹಣ್ಣು ಮತ್ತೆ ಬೇರೆ ಬೇರೆ. ಒಬ್ಬರದು ಹುಣಸೆ, ಇನ್ನೊಬ್ಬರದು ನಿಂಬೆ, ಬೇಸಿಗೆಯಲ್ಲಿ ಮಾವಿನಕಾಯಿ, ಕೊಡಗಿನವರಾದರೆ ಕಾಚಂಪುಳಿ, ಯೂಟ್ಯೂಬ್ ನೋಡಿದ ಮಕ್ಕಳಿದ್ದರೆ ಅನಾನಸ್. ಟೊಮೆಟೊವನ್ನು ತರಕಾರಿ ಅಂಗಡಿಯಲ್ಲಿ ಕೊಂಡರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಹಣ್ಣೇ. ಹಾಗಾಗಿ ಹಣ್ಣಿಲ್ಲದ ಕೋಳಿ ಸಾರು ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಈ ಎರಡು ಒಲೆಗಳ ಮೇಲೆ ನಡೆಯುವ ರಾಸಾಯನಿಕ ಕ್ರಿಯೆಗಳು ನೂರಾರು. ನನಗೆ ಅವುಗಳಲ್ಲಿ ಸಾಮಗ್ರಿಗಿಂತ ಸರದಿಯ ಮೇಲೇ ಕಣ್ಣು. ಅದೇ ಹಿಟ್ಟು, ಅದೇ ನೀರು, ಅದೇ ಉಪ್ಪು; ನೀರು ಕುದಿದಿತ್ತೋ ಇಲ್ಲವೋ ಅನ್ನುವುದರ ಮೇಲೆ ರೊಟ್ಟಿಯಾಗುತ್ತದೆ ಇಲ್ಲವೇ ಚೂರಾಗುತ್ತದೆ. ಅದೇ ಕೋಳಿ, ಅದೇ ಹುಣಸೆ. ಈರುಳ್ಳಿ ಬೇಯುವ ಮುಂಚೆ ಹಾಕಿದಿರೋ ಆಮೇಲೋ ಅನ್ನುವುದರ ಮೇಲೆ ಸಾರಿನ ಹದ ನಿಲ್ಲುತ್ತದೆ.

ಗೋಧಿಯಿಂದ ಶುರು ಮಾಡೋಣ, ಏಕೆಂದರೆ ಅದೇ ಇಲ್ಲಿ ಅಪವಾದ. ನಿಂಬೆ ಗಾತ್ರದ ಚಪಾತಿ ಹಿಟ್ಟನ್ನು ಒಂದು ಬಟ್ಟಲು ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ನೀರು ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಬದಲಿಸುತ್ತಾ ತೊಳೆಯುತ್ತಲೇ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಬೂದುಬಣ್ಣದ ಮುದ್ದೆ. ಇಟಲಿಯ ಬೊಲೋನ್ಯಾದ ಜಾಕೊಪೊ ಬೆಕಾರಿ 18ನೇ ಶತಮಾನದಲ್ಲಿ ಇದನ್ನೇ ಮಾಡಿ ನೋಡಿ ಬರೆದಿಟ್ಟ. ಆ ಮುದ್ದೆಯೇ ಗ್ಲುಟೆನ್. ಗೋಧಿಯಲ್ಲಿರುವ ಗ್ಲಯಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ನಾದುವಾಗ ಒಂದಕ್ಕೊಂದು ತೆಕ್ಕೆಹಾಕಿ ಕಟ್ಟಿಕೊಳ್ಳುವ ಬಲೆ ಅದು. ತಣ್ಣೀರೇ ಸಾಕು. ನಾದಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಡಿ ಅನ್ನುವುದೂ ಇದಕ್ಕೇ: ಬಿಗಿದ ಬಲೆ ಸಡಿಲವಾಗದಿದ್ದರೆ ಲಟ್ಟಿಸಿದ ಚಪಾತಿ ಮಣೆಯ ಮೇಲೇ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಗಿರಣಿಯ ಹಿಟ್ಟು ಮೈದಾಗಿಂತ ಹೆಚ್ಚು ನೀರು ಹಿಡಿಯುವುದಕ್ಕೂ ಕಾರಣವಿದೆ. ಕಲ್ಲಿನ ನಡುವೆ ಒತ್ತಡ ಮತ್ತು ಬಿಸಿಗೆ ಸಿಕ್ಕಿ ಪಿಷ್ಟದ ಕಣಗಳು ಬಿರುಕು ಬಿಟ್ಟಿರುತ್ತವೆ. ಬಿರುಕು ಬಿಟ್ಟ ಕಣ ಇಡೀ ಕಣಕ್ಕಿಂತ ಬೇಗ ನೀರು ಹೀರುತ್ತದೆ. ಜೊತೆಗೆ ತೌಡೂ ತನ್ನ ಪಾಲು ಕುಡಿಯುತ್ತದೆ.

ಅಕ್ಕಿ, ಜೋಳ, ರಾಗಿಗೆ ಈ ಬಲೆಯ ಭಾಗ್ಯವಿಲ್ಲ. ಅವುಗಳಲ್ಲೂ ಪ್ರೋಟೀನ್ ಇದೆ, ಆದರೆ ಅದು ಹೀಗೆ ಹೆಣೆದುಕೊಳ್ಳುವ ಜಾತಿಯದಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಒದ್ದೆ ಮರಳೇ ಸರಿ. ತಟ್ಟಲು ಹೋದರೆ ಅಂಚೆಲ್ಲ ಬಿರಿಯುತ್ತದೆ. ಆದ್ದರಿಂದ ಅಂಟಿನ ಕೆಲಸವನ್ನು ಪಿಷ್ಟಕ್ಕೇ ವಹಿಸಬೇಕು, ಪಿಷ್ಟ ಆ ಕೆಲಸಕ್ಕೆ ಒಪ್ಪುವುದು ಬಿಸಿ ತಾಕಿದ ಮೇಲೆಯೇ. ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಧಾನ್ಯಕ್ಕೆ ತಕ್ಕಂತೆ ಅದರ ಕಣಗಳು ನೀರು ಹೀರಿ ಊದಿಕೊಂಡು, ಒಳಗಿನ ಅಮೈಲೋಸ್ ಎಂಬ ಉದ್ದುದ್ದ ಸರಪಳಿಗಳನ್ನು ಹೊರಗೆ ಬಿಡುತ್ತವೆ. ಗಂಜಿ ಗಟ್ಟಿಯಾಗುವುದೂ, ಮುದ್ದೆ ಮುದ್ದೆಯಾಗುವುದೂ, ರೊಟ್ಟಿ ಹಿಟ್ಟಿಗೆ ಜಿಗುಟು ಬರುವುದೂ ಇದರಿಂದಲೇ.

"ಎಸರು ಛಲೋ ಕುದೀಬೇಕ್ರೀ, ಇಲ್ಲಾಂದ್ರ ರೊಟ್ಟಿ ಹರೀತಾವ" ಎಂದು ರೊಟ್ಟಿ ತಟ್ಟುವ ಅಕ್ಕಂದಿರು ಹೇಳುತ್ತಾರೆ. ಕುದಿಯಲೇಬೇಕೇ, ಚೆನ್ನಾಗಿ ಬಿಸಿಯಾದರೆ ಸಾಲದೇ? ಲೆಕ್ಕ ಹಾಕಿ ನೋಡಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಡಬ್ಬಿಯಲ್ಲಿರುವ ಹಿಟ್ಟು 25 ಡಿಗ್ರಿ. ಒಂದೇ ತೂಕದ ಹಿಟ್ಟು, ಕುದಿಯುವ ನೀರು ಬೆರೆಸಿದರೆ, ಹಿಟ್ಟಿಗಿಂತ ನೀರು ಎರಡು ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುವುದರಿಂದ, ಮಿಶ್ರಣ ನಿಲ್ಲುವುದು 75 ಡಿಗ್ರಿಯ ಹತ್ತಿರ. ಪಾತ್ರೆ, ಗಾಳಿ, ಸೌಟು ಕದಿಯುವ ಬಿಸಿಯನ್ನು ಕಳೆದರೆ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ. ಜೋಳದ ಪಿಷ್ಟ ಊದಿಕೊಳ್ಳಲು ಇದು ಅಲ್ಲಿಗಲ್ಲಿಗೆ. ನೀರು 80 ಡಿಗ್ರಿಗೇ ಇದ್ದಾಗ ಇಳಿಸಿದಿರೋ, ಮಿಶ್ರಣ 63ಕ್ಕೆ ಬಂದು ನಿಂತಿತು; ಕಣಗಳು ಕಣ್ಣು ಬಿಡುವುದೇ ಇಲ್ಲ. ಅಕ್ಕನ ಮಾತಿನಲ್ಲಿ ಹೆಚ್ಚು ಸಡಿಲಿಕೆಯಿಲ್ಲ, ಇರುವ ಹಾಗೂ ಇಲ್ಲ. ಕಲಸಿದ ಕೂಡಲೇ ಮುಚ್ಚಿ ಐದು ನಿಮಿಷ ಬಿಡುವುದೂ ಅದೇ ಬಿಸಿಯನ್ನು ಕಾಪಾಡುವ ಉಪಾಯ.

ಮಲೆನಾಡಿನವರು ಈ ಅಲ್ಲಿಗಲ್ಲಿಗೆ ಲೆಕ್ಕಕ್ಕೆ ಕೈಹಾಕುವುದಿಲ್ಲ. ಒಲೆಯ ಮೇಲೆ ಕುದಿಯುತ್ತಿರುವ ನೀರಿಗೇ ಅಕ್ಕಿ ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಆಮೇಲೆ ಇಳಿಸಿ ಬಿಸಿಬಿಸಿಯಾಗಿಯೇ ನಾದುತ್ತಾರೆ. ಹೀಗೆ ಉಕ್ಕರಿಸಿದ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಬಹುದು, ಗೋಧಿಯ ಹಂಗೇ ಇಲ್ಲ. ಕೊಡಗಿನ ಅಕ್ಕಿ ಒಟ್ಟಿಯಲ್ಲಿ ಇನ್ನೊಂದು ದಾರಿ: ಹಿಟ್ಟಿಗೆ ಅನ್ನವನ್ನೇ ಸೇರಿಸಿ ನಾದುವುದು. ಅನ್ನವೆಂದರೆ ಆಗಲೇ ಬೆಂದು ಬಿಚ್ಚಿಕೊಂಡ ಪಿಷ್ಟ; ಸಿದ್ಧ ಅಂಟು. ಮೂರು ಸೀಮೆ, ಮೂರು ಉಪಾಯ, ಸಮಸ್ಯೆ ಒಂದೇ.

ಇನ್ನು ಕಾವಲಿ. ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದ ಮರುಕ್ಷಣ ಒದ್ದೆ ಬಟ್ಟೆಯ ತುಂಡಿನಿಂದ ಅದರ ಮೇಲ್ಮೈಯನ್ನು ಸವರುತ್ತಾರಲ್ಲ, ಅದನ್ನು ಹತ್ತಿರ ನಿಂತು ನೋಡಬೇಕು. ತಟ್ಟುವಾಗ ಮೆತ್ತಿಕೊಂಡ ಒಣಹಿಟ್ಟು ಬಿಳಿಬಿಳಿಯಾಗಿರುತ್ತದೆ. ಬಟ್ಟೆ ಹಾದ ಕಡೆ ಬಣ್ಣ ಗಾಢವಾಗುತ್ತದೆ, ಬಿರುಕುಗಳು ಮುಚ್ಚಿಕೊಳ್ಳುತ್ತವೆ. ನೀರಿನ ಪಸೆ ಆರುವ ಹೊತ್ತಿಗೆ ಆ ಹಿಟ್ಟೂ ಬೆಂದು ತೆಳ್ಳನೆ ಪೊರೆಯಾಗಿರುತ್ತದೆ. ಆಗ ಮೊಗಚಿ ಹಾಕಿದರೆ, ಎರಡು ಪೊರೆಗಳ ನಡುವೆ ಸಿಕ್ಕಿಬಿದ್ದ ನೀರು ಹಬೆಯಾಗಿ ರೊಟ್ಟಿಯನ್ನು ಎಬ್ಬಿಸುತ್ತದೆ. ಒಂದು ಗ್ರಾಂ ನೀರು ಹಬೆಯಾದರೆ ಒಂದೂವರೆ ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಒಂದು ರೊಟ್ಟಿಯಲ್ಲಿ ಅಂಥ ಎಷ್ಟೋ ಗ್ರಾಂ ನೀರಿರುತ್ತದೆ. ಉಬ್ಬದ ರೊಟ್ಟಿಯಲ್ಲಿ ಹಬೆಗೆ ಕೊರತೆಯಿಲ್ಲ, ಪೊರೆಯಲ್ಲೆಲ್ಲೋ ತೂತಿದೆ ಅಷ್ಟೆ.

ಮಸಾಲೆ ಅಕ್ಕಿ ರೊಟ್ಟಿಯಲ್ಲಿ ಇದಕ್ಕೆ ತದ್ವಿರುದ್ಧ. ಈರುಳ್ಳಿ, ಸಬ್ಬಸಿಗೆ, ಕಾಯಿತುರಿ ಹಾಕಿ ಬಾಣಲೆಗೇ ತಟ್ಟಿದ ದಪ್ಪ ರೊಟ್ಟಿಗೆ ನಾವೇ ಬೆರಳಿನಿಂದ ತೂತು ಮಾಡುತ್ತೇವೆ. ಅಲ್ಲಿ ಉಬ್ಬಿಸುವ ಆಸೆಯಿಲ್ಲ. ಹಬೆ ಹೊರಗೆ ಹೋಗಬೇಕು, ಎಣ್ಣೆ ಅಡಿಗೆ ಇಳಿಯಬೇಕು, ತಳ ಗರಿಯಾಗಬೇಕು. ನೀರು ಇರುವಷ್ಟು ಹೊತ್ತೂ ಹಿಟ್ಟಿನ ಉಷ್ಣತೆ ಕುದಿಬಿಂದುವನ್ನು ದಾಟುವುದಿಲ್ಲ; ನೀರು ಹೋದ ಮೇಲೆಯೇ ಅದು 140 ಡಿಗ್ರಿಯ ಕಡೆಗೆ ಏರಿ ಕೆಂಪಾಗುವುದು.

ಆ ಕೆಂಪಿಗೆ ಹೆಸರು ಬಂದದ್ದು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್‌ನಿಂದ. 1912ರಲ್ಲಿ ಅವನು ಸಕ್ಕರೆ ಮತ್ತು ಅಮೈನೋ ಆಮ್ಲಗಳನ್ನು ಒಟ್ಟಿಗೆ ಕಾಯಿಸಿದಾಗ ಬರುವ ಕಂದುಬಣ್ಣವನ್ನು ವರದಿ ಮಾಡಿದ. ಅಡುಗೆಮನೆಯ ಘಮದ ಬಹುಪಾಲು ಈ ಕ್ರಿಯೆಯ ಕೂಸು. ರೊಟ್ಟಿಯ ಸುಟ್ಟ ಚುಕ್ಕೆಯಿಂದ ಬರುವ ವಾಸನೆಯಲ್ಲಿ ಒಂದು ಸಂಯುಕ್ತವಿದೆ: 2-ಅಸಿಟೈಲ್-1-ಪೈರೋಲೀನ್. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾನ್ ಬಟರಿ ಮತ್ತು ಸಂಗಡಿಗರು ಪರಿಮಳದ ಅಕ್ಕಿಗಳ ಘಮಕ್ಕೆ ಮುಖ್ಯ ಕಾರಣವೆಂದು ಗುರುತಿಸಿದ್ದೂ ಇದನ್ನೇ. ಬಾಸ್ಮತಿಯಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ, ನಮ್ಮ ರೊಟ್ಟಿ ಹಂಚಿನ ಮೇಲೆ ಸಂಪಾದಿಸಿಕೊಳ್ಳುತ್ತದೆ. ಮಯಾರ್ ಕ್ರಿಯೆಗೆ ಬೆಂಕಿಯೇ ಬೇಕೆಂದೂ ಇಲ್ಲ. ಡಬ್ಬಿಯಲ್ಲಿಟ್ಟ ಹೊಸ ಹುಣಸೆ ವರ್ಷ ಕಳೆಯುವಷ್ಟರಲ್ಲಿ ಕಪ್ಪಾಗುವುದರ ಹಿಂದೆಯೂ ಅದರ ಕೈಯಿದೆ, ಬಹಳ ನಿಧಾನವಾಗಿ.

ಹುಣಸೆಯ ಮಾತು ಬಂತಲ್ಲ, ಕೋಳಿಯ ಒಲೆಗೆ ಹೋಗೋಣ.

ಸಾರಿಗೆ ಬೀಳುವ ಹಣ್ಣುಗಳಲ್ಲಿ ಎರಡು ಪಂಗಡ. ಹುಣಸೆ, ನಿಂಬೆ, ಟೊಮೆಟೊ, ಮಾವಿನಕಾಯಿ, ಕಾಚಂಪುಳಿ ಆಮ್ಲದ ಪಂಗಡ. ಪರಂಗಿ ಕಾಯಿ, ಅನಾನಸ್ ಕಿಣ್ವದ ಪಂಗಡ. ಅನಾನಸ್‌ನಲ್ಲಿ ಹುಳಿಯೂ ಇರುವುದರಿಂದ ಅದು ಎರಡೂ ಕಡೆ ಕೈಯಾಡಿಸುತ್ತದೆ. ಎರಡು ಪಂಗಡಗಳಿಗೂ ಸರದಿಯ ನಿಯಮ ಬೇರೆ.

ಆಮ್ಲದ ನಿಯಮ ಸರಳ: ತಡವಾಗಿ ಬರಬೇಕು. ಈರುಳ್ಳಿಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಮೊದಲಾದ ಗೋಡೆಯ ಸಾಮಗ್ರಿ. ಹುಳಿಯ ನೀರಿನಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಬೇಳೆ ಬೇಯುವ ಮುಂಚೆ ಹುಣಸೆ ಹಾಕಿದರೆ ಬೇಳೆ ಗಟ್ಟಿಯಾಗಿ ಕೂರುವುದು ಎಲ್ಲರಿಗೂ ಗೊತ್ತು. ಈರುಳ್ಳಿಯದೂ ಅದೇ ಹಟ. ಈರುಳ್ಳಿ ಬಾಡಿ ಕೆಂಪಗಾದ ಮೇಲೆ ಟೊಮೆಟೊ ಅನ್ನುವ ಕ್ರಮ ಇದರಿಂದ ಬಂದದ್ದು. ಇನ್ನೊಂದು ಕಾರಣವೂ ಇದೆ: ಮಯಾರ್ ಕ್ರಿಯೆ ಹುಳಿಯಲ್ಲಿ ಮಂದವಾಗುತ್ತದೆ. ನಿಂಬೆರಸದಲ್ಲಿ ಮುಳುಗಿಸಿಟ್ಟ ಕೋಳಿ ಬಾಣಲೆಯಲ್ಲಿ ಬೆಳ್ಳಗೆ ಬೇಯುತ್ತದೆಯೇ ಹೊರತು ಬೇಗ ಬಣ್ಣ ಕಟ್ಟುವುದಿಲ್ಲ. ಮೊದಲು ಹುರಿದು, ಬಣ್ಣ ಬಂದ ಮೇಲೆ ಹುಳಿ ಹಿಂಡುವವರಿಗೆ ಎರಡೂ ದಕ್ಕುತ್ತದೆ.

ನೆನೆಸಿಡುವಾಗ ಹುಳಿ ಮಾಂಸದ ಒಳಕ್ಕೆಲ್ಲ ಇಳಿಯುತ್ತದೆ ಅನ್ನುವ ನಂಬಿಕೆಗೆ ಅಷ್ಟು ಆಧಾರವಿಲ್ಲ. ಕೆಲವು ಮಿಲಿಮೀಟರ್ ದಾಟುವುದರಲ್ಲೇ ಅದು ಸೋಲುತ್ತದೆ. ಮೇಲ್ಪದರದ ಪ್ರೋಟೀನುಗಳು ಮಾತ್ರ ಬಿಸಿಯಿಲ್ಲದೆಯೇ ಬೆಂದಂತಾಗಿ ಬಿಳಿಚಿಕೊಳ್ಳುತ್ತವೆ. ರಾತ್ರಿಯಿಡೀ ನಿಂಬೆಯಲ್ಲಿಟ್ಟರೆ ಹೊರಗೆ ಹಿಟ್ಟುಹಿಟ್ಟು, ಒಳಗೆ ಹಾಗೇ. ನಿಜವಾಗಿ ಒಳಗಿಳಿಯುವುದು ಉಪ್ಪು. ಅದಕ್ಕೇ ನನ್ನ ಮತ ಇಷ್ಟು: ಉಪ್ಪು ಮುಂಚೆ, ಮೊಸರು ಬೇಕಾದರೆ ಜೊತೆಗೆ, ನಿಂಬೆ ಕೊನೆಗೆ.

ಆಮ್ಲಗಳಲ್ಲೂ ಒಳಜಾತಿಗಳಿವೆ. ನಿಂಬೆಯದು ಸಿಟ್ರಿಕ್. ಹುಣಸೆಯದು ಟಾರ್ಟಾರಿಕ್, ಇದು ಹೇರಳವಾಗಿರುವ ಹಣ್ಣುಗಳು ಕಡಿಮೆ, ದ್ರಾಕ್ಷಿ ಇನ್ನೊಂದು. ಹಣ್ಣಾಗುತ್ತಾ ಹೋದಂತೆ ಹೆಚ್ಚಿನ ಹಣ್ಣುಗಳ ಹುಳಿ ಇಳಿದು ಸಿಹಿ ಏರುತ್ತದೆ. ಹುಣಸೆಯಲ್ಲಿ ಸಕ್ಕರೆ ಏರಿದರೂ ಹುಳಿ ತನ್ನ ಜಾಗ ಬಿಡುವುದಿಲ್ಲ. ಒಂದೇ ಹಣ್ಣಿನಲ್ಲಿ ಅಷ್ಟು ಹುಳಿ, ಅಷ್ಟು ಸಿಹಿ ಎರಡೂ ಇರುವುದರಿಂದಲೇ ಹುಣಸೆ ಬಿದ್ದ ಸಾರಿಗೆ ಒಂದು ದಪ್ಪ ರುಚಿ.

ಕಾಚಂಪುಳಿಯ ಕತೆಯಲ್ಲಿ ಮೈಸೂರಿಗೂ ಒಂದು ಪಾತ್ರವಿದೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಗಾರ್ಸೀನಿಯ ಮರದ ಹಣ್ಣಿನ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಬತ್ತಿಸಿದರೆ ಕಾಚಂಪುಳಿ. ಕೊಡಗಿನ ಪಂದಿ ಕರಿಗೆ ಅದೇ ಪ್ರಾಣ, ಕೋಳಿಗೂ ಕೆಲವರು ಹಾಕುತ್ತಾರೆ, ಹಾಕುವುದು ಮಾತ್ರ ಮಾಂಸ ಬೆಂದ ಮೇಲೆ ಒಂದೆರಡು ಚಮಚ. ಈ ಹಣ್ಣಿನ ಹುಳಿಯನ್ನು ಬಹುಕಾಲ ಟಾರ್ಟಾರಿಕ್, ಸಿಟ್ರಿಕ್ ಎಂದೇ ಭಾವಿಸಲಾಗಿತ್ತು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದನ್ನು ಬೇರ್ಪಡಿಸಿ, ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ಸಿಎಫ್‌ಟಿಆರ್‌ಐ ಎಂದೇ ಮಂದಿ ಕರೆಯುವ ಆ ಸಂಸ್ಥೆ ಚೆಲುವಾಂಬ ಅರಮನೆಯಲ್ಲಿ ಶುರುವಾಗಿ ಆಗಿನ್ನೂ ಹದಿನೈದು ವರ್ಷ. ಮುಂದೆ ಈ ಆಮ್ಲ ತೂಕ ಇಳಿಸುವ ಮಾತ್ರೆಯಾಗಿ ಅಮೆರಿಕದ ಅಂಗಡಿಗಳನ್ನು ಹೊಕ್ಕಿತು. 1998ರಲ್ಲಿ ಅಲ್ಲಿನ ವೈದ್ಯ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ, ಹನ್ನೆರಡು ವಾರ ನುಂಗಿದವರಿಗೂ ಬರೀ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಂದಿ ಕರಿಯಲ್ಲಿ ಅದರ ಕೆಲಸದ ಬಗ್ಗೆ ಯಾರಿಗೂ ತಕರಾರಿಲ್ಲ.

ಕಿಣ್ವದ ಪಂಗಡಕ್ಕೆ ಬಂದರೆ ಸರದಿಯ ಆಟ ಸೂಕ್ಷ್ಮವಾಗುತ್ತದೆ. ಪರಂಗಿ ಕಾಯಿಯ ಸಿಪ್ಪೆಗೆ ಚಾಕು ತಾಕಿದರೆ ಹಾಲಿನಂಥ ಸೊನೆ ಒಸರುತ್ತದೆ, ಬೆರಳಿಗಂಟಿದರೆ ಸ್ವಲ್ಪ ಹೊತ್ತಿಗೆ ಚರ್ಮ ಚುರುಗುಟ್ಟುತ್ತದೆ. ಆ ಸೊನೆಯಲ್ಲಿರುವುದು ಪಪೇನ್, ಪ್ರೋಟೀನುಗಳನ್ನು ತುಂಡರಿಸುವ ಕಿಣ್ವ. ಬೆರಳಿನ ಚರ್ಮವೂ ಅದಕ್ಕೆ ಪ್ರೋಟೀನೇ. 1968ರಲ್ಲಿ ನೆದರ್‌ಲ್ಯಾಂಡ್ಸಿನ ಯಾನ್ ಡ್ರೆಂಟ್ ಮತ್ತು ತಂಡ ಎಕ್ಸ್-ಕಿರಣಗಳಿಂದ ಅದರ ರಚನೆಯನ್ನು ಬಿಡಿಸಿಟ್ಟರು. ಕಾಯಿ ಹಣ್ಣಾಗುತ್ತಾ ಸೊನೆ ಬತ್ತುತ್ತದೆ, ಪಪೇನೂ ಅದರೊಂದಿಗೆ. ಕಬಾಬಿಗೆ ಹಣ್ಣು ಹಾಕಿದರೆ ಸಿಹಿ ಬಂದೀತು, ಮೆದು ಬಾರದು.

ಪಪೇನ್ ಫ್ರಿಜ್ಜಿನ ಚಳಿಯಲ್ಲಿ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಅದರ ಹುರುಪು 60-70 ಡಿಗ್ರಿಯಲ್ಲಿ. ಇನ್ನೂ ಬಿಸಿ ಏರಿದರೆ ಅದೂ ಪ್ರೋಟೀನೇ ಆದ್ದರಿಂದ ತಾನೇ ಬೆಂದು ಸತ್ತುಹೋಗುತ್ತದೆ. ಅಂದರೆ ರಾತ್ರಿಯಿಡೀ ನೆನೆದದ್ದರಿಂದ ಆಯಿತು ಎಂದು ನಾವು ಹೊಗಳುವ ಮೆದುವಿನ ಬಹುಪಾಲು, ಒಲೆ ಹಚ್ಚಿದ ಮೇಲೆ ಮಾಂಸ ಆ ಹತ್ತು ಡಿಗ್ರಿಗಳನ್ನು ದಾಟುವ ಕೆಲವು ನಿಮಿಷಗಳಲ್ಲಿ ಆದದ್ದು. ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಕಿಣ್ವಕ್ಕೆ ಹೆಚ್ಚು ಹೊತ್ತು ಸಿಗುತ್ತದೆ, ಕೋಳಿ ಕೈಯಲ್ಲಿ ಹಿಡಿಯಲಾರದಷ್ಟು ಪುಡಿಯಾಗುತ್ತದೆ. ದೊಡ್ಡ ಉರಿಯಲ್ಲಿ ಬೇಗ ದಾಟಿಸಿದರೆ ಪಾರು. ಫಾರಂ ಕೋಳಿಗೆ ಪರಂಗಿ ಕಾಯಿ ಹಚ್ಚುವುದು ನನಗಂತೂ ದಂಡ ಅನಿಸುತ್ತದೆ. ಆರು ವಾರದ ಆ ಕೋಳಿ ಹುಟ್ಟಾ ಮೆದು. ಇನ್ನೂ ಏನನ್ನು ಮೆದು ಮಾಡುವುದು? ಕುರಿಮಾಂಸದ ಮೇಲೆ ಆ ಶ್ರಮ ಸಾರ್ಥಕ.

ಅನಾನಸ್‌ನ ಕಿಣ್ವ ಬ್ರೊಮಲೇನ್, ಅದೇ ಕುಲದ್ದು. ಹಸಿ ಅನಾನಸ್ ಹೋಳು ಹಾಕಿದ ಮೊಸರು ಒಂದು ಗಂಟೆಯಲ್ಲಿ ಕಹಿಯಾಗುವುದನ್ನು ಕಂಡಿರಬಹುದು. ಹಾಲಿನ ಪ್ರೋಟೀನ್ ತುಂಡಾದಾಗ ಹುಟ್ಟುವ ಕಿರುಚೂರುಗಳ ರುಚಿ ಅದು. ಹೋಳುಗಳನ್ನು ಮೊದಲು ಬೇಯಿಸಿಕೊಂಡರೆ ಕಿಣ್ವ ಸಾಯುತ್ತದೆ, ಮೊಸರು ಕೆಡುವುದಿಲ್ಲ. ಉಡುಪಿ ಕಡೆಯ ಅನಾನಸ್ ಮೆಣಸ್ಕಾಯಿಯಲ್ಲಿ ಹಣ್ಣು ಬೆಂದೇ ಇರುವುದರಿಂದ ಈ ತಾಪತ್ರಯವಿಲ್ಲ. ಅನಾನಸ್ ಕೋಳಿ ಮಾಡುವವರಿಗೂ ಇದೇ ಬುದ್ಧಿ: ಹಣ್ಣನ್ನು ಬೇರೆ ಬಾಣಲೆಯಲ್ಲಿ ಹುರಿದು, ಕೊನೆಗೆ ಕೂಡಿಸಿ. ಹಣ್ಣಿನ ಸಕ್ಕರೆ ಬೇಗ ಹೊತ್ತುವುದರಿಂದ ಕೋಳಿ ಬೇಯುವಷ್ಟು ಹೊತ್ತು ಅದನ್ನು ಉರಿಯ ಮೇಲಿಟ್ಟರೆ ತಳವೂ ಸೀಯುತ್ತದೆ. ಹಣ್ಣು ಕೂಡಿಸುವ ಹೊತ್ತಿಗೆ ಕೋಳಿಯ ದಪ್ಪ ತುಂಡಿನ ನಡುಭಾಗ 74 ಡಿಗ್ರಿ ತಲುಪಿದ್ದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇಡ.

ನಾಟಿ ಕೋಳಿಯ ಸಂಗತಿ ಬೇರೆ. ಬೀದಿ ಬೀದಿ ಓಡಾಡಿ ಬಲಿತ ಅದರ ಕಾಲಿನಲ್ಲಿ ಕೊಲಾಜೆನ್ ಎಂಬ ನಾರು ವಯಸ್ಸಾದಷ್ಟೂ ಒಂದಕ್ಕೊಂದು ಬೆಸೆದುಕೊಂಡಿರುತ್ತದೆ. ಅದು ಜೆಲಟಿನ್ ಆಗಿ ಕರಗಿದಾಗಲೇ ಸಾರಿಗೆ ತುಟಿಗಂಟುವ ಸತ್ವ. ಹಣ್ಣಿನ ಕಿಣ್ವ ಅಷ್ಟು ಆಳಕ್ಕೆ ಹೋಗಲಾರದು. ಬೇಕಾದದ್ದು ಬಿಸಿ ಮತ್ತು ಹೊತ್ತು. ಇಲ್ಲಿ ಬೆಂಗಳೂರಿನ ಎತ್ತರ ಮತ್ತೆ ಅಡ್ಡ ಬರುತ್ತದೆ. ತೆರೆದ ಪಾತ್ರೆಯಲ್ಲಿ ನಮಗೆ ಸಿಗುವುದು 97 ಡಿಗ್ರಿ, ಮಂಗಳೂರಿನವರಿಗೆ 100. ಕುಕ್ಕರಿನಲ್ಲಾದರೆ ಇಲ್ಲೂ 119ರ ಹತ್ತಿರ ಹೋಗಬಹುದು. ನಾಟಿ ಕೋಳಿಗೆ ಕುಕ್ಕರ್ ಕೂಗಿಸುವುದನ್ನು ಹಳಬರು ಹಳಿಯುತ್ತಾರೆ, ಆದರೆ ಗ್ಯಾಸ್ ಬಿಲ್ ಕಟ್ಟುವವರು ಕೂಗಿಸುತ್ತಲೇ ಇರುತ್ತಾರೆ. ಹುಳಿಯನ್ನು ಮಾತ್ರ ಮುಚ್ಚಳ ತೆಗೆದ ಮೇಲೆ ಹಾಕಿ.

ಮತ್ತೆ ರೊಟ್ಟಿಯ ಕಡೆಗೆ ಬರೋಣ. ರಾತ್ರಿ ಉಳಿದ ರೊಟ್ಟಿ ಬೆಳಿಗ್ಗೆ ಗಡುಸಾಗುವುದು ನೀರು ಆರಿದ್ದರಿಂದ ಮಾತ್ರವಲ್ಲ. ಬೆಂದಾಗ ಬಿಚ್ಚಿಕೊಂಡ ಪಿಷ್ಟದ ಸರಪಳಿಗಳು ತಣಿದಾಗ ಮತ್ತೆ ಸಾಲಾಗಿ ಒತ್ತಿಕೊಳ್ಳುತ್ತವೆ. ಈ ಕೆಲಸ ಅತಿ ಬೇಗ ನಡೆಯುವುದು ಫ್ರಿಜ್ಜಿನ ಉಷ್ಣತೆಯಲ್ಲಿ, ಫ್ರೀಜರಿನಲ್ಲಿ ನಿಧಾನ. ಮತ್ತೆ ಬಿಸಿ ಮಾಡಿದರೆ ಸಾಲು ಸ್ವಲ್ಪ ಕದಲಿ ರೊಟ್ಟಿ ಕೆಲಹೊತ್ತು ಮೆತ್ತಗಾಗುತ್ತದೆ, ತಣಿದರೆ ಮೊದಲಿಗಿಂತ ಗಡುಸು. ಕೆಡದ ಚಪಾತಿಯನ್ನು ಸೈನಿಕರಿಗೆ ತಲುಪಿಸಲು ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ದುಡಿದಿದೆ.

ಉತ್ತರ ಕರ್ನಾಟಕದ ಕಟಕ ರೊಟ್ಟಿ, ಕರಾವಳಿಯ ಕೋರಿ ರೊಟ್ಟಿ ಈ ಗೋಜಿಗೇ ಹೋಗುವುದಿಲ್ಲ. ನೀರನ್ನೇ ಪೂರ್ತಿ ಓಡಿಸಿ, ಪಿಷ್ಟವನ್ನು ಗಾಜಿನ ಸ್ಥಿತಿಗೆ ತಂದುಬಿಡುತ್ತವೆ. ಸರಪಳಿಗಳು ಕದಲಲಾರವು, ಬೂಷ್ಟು ಬೆಳೆಯಲಾರದು. ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತವೆ. ತಿನ್ನುವ ಹೊತ್ತಿಗೆ ಕೋರಿ ರೊಟ್ಟಿಯನ್ನು ಮುರಿದು ತಟ್ಟೆಗೆ ಹಾಕಿ ಮೇಲೆ ಹುಣಸೆ ಬಿದ್ದ ಕೋಳಿ ಗಸಿ ಸುರಿಯುತ್ತಾರೆ. ಬಿಸಿ ಗಸಿಯ ನೀರು ತಾಕಿದ ಕಡೆ ಗಾಜು ಕರಗಿ ರಬ್ಬರಾಗುತ್ತದೆ, ಅದೂ ಎರಡು ಮೂರು ನಿಮಿಷದೊಳಗೆ. ಅನುಭವಸ್ಥರು ಇಡೀ ತಟ್ಟೆಗೆ ಒಮ್ಮೆಲೇ ಸುರಿಯುವುದಿಲ್ಲ. ಒಂದು ಮೂಲೆಗೆ ಒಂದು ಸೌಟು ಹಾಕಿ, ಮೇಲೆ ಮೆತ್ತಗಾಗಿ ಒಳಗಿನ್ನೂ ಕಟುಂ ಅನ್ನುವಾಗಲೇ ಮುಗಿಸಿ, ಆಮೇಲೆ ಮುಂದಿನ ಸೌಟಿಗೆ ತಟ್ಟೆ ಒಡ್ಡುತ್ತಾರೆ.